ತೊಗರಿ ಕಟ್ಟಿಗೆಯ ಚುಕ್ಕಿ: ಕ್ರಿಸ್‌ಮಸ್ ವಾರಕ್ಕೆ ಚಿಕ್ಕ ಮಕ್ಕಳಿಗೆ ಏನು ಮಾಡಿಸಲಿ?

ಕೇಳಿದವರು: ಅತಿಥಿ ಶಿಕ್ಷಕಿ, ಕಲಬುರಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷವೇ ಕೆಲಸಕ್ಕೆ ಸೇರಿದವಳು. ಹಳ್ಳಿಯ ಸರ್ಕಾರಿ ಶಾಲೆ. ನನ್ನದು ನಲಿಕಲಿ ಕೋಣೆ, ಅಂದರೆ ಚಟುವಟಿಕೆಗಳಿಂದ ಕಲಿಸುವ ಕೋಣೆ, ಒಂದರಿಂದ ಮೂರನೇ ತರಗತಿ ಸೇರಿ 26 ಮಕ್ಕಳು. ಅವರಲ್ಲಿ ಮೂವರು ಚರ್ಚಿಗೆ ಹೋಗುವ ಮನೆಯವರು. ಡಿಸೆಂಬರ್ 25ಕ್ಕೆ ಹೇಗೂ ರಜೆ. ಅದಕ್ಕೆ ಮುಂಚಿನ ವಾರ ಹಬ್ಬದ ನೆಪದಲ್ಲಿ ಒಂದಿಷ್ಟು ಓದು, ಲೆಕ್ಕ, ಪರಿಸರ ಅಧ್ಯಯನ ಮಾಡಿಸೋಣ ಅಂತ ಆಸೆ. ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವುದು ಬರೀ ಹಿಮ, ಹಿಮದ ಮನುಷ್ಯ, ಪೈನ್ ಮರ, ಬಣ್ಣದ ಪ್ರಿಂಟ್ ತೆಗೆಯಬೇಕಾದ ಹಾಳೆಗಳು. ನಮ್ಮಲ್ಲಿ ಪ್ರಿಂಟರ್ ಇಲ್ಲ. ಹೆಡ್ ಮಾಸ್ತರು "ಮಾಡಿರಿ, ಆದರೆ ಪಾಠ ನಿಲ್ಲಬಾರದು, ದುಡ್ಡು ಕೇಳಬಾರದು" ಅಂದಿದ್ದಾರೆ. ನನ್ನ ಕೈಯಿಂದ 300 ರೂಪಾಯಿ ಹಾಕಬಲ್ಲೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಏನು ಕೆಟ್ಟಿತು ಅನ್ನುವುದನ್ನೂ ಹೇಳಿ.

ನಲಿಕಲಿ ಶಿಕ್ಷಕಿ, ಚಿತ್ತಾಪುರ ಕಡೆ

ಕೆಟ್ಟಿದ್ದನ್ನೇ ಮೊದಲು ಹೇಳುತ್ತೇನೆ. ನಾನು ಮೊದಲ ಸಲ ಮಾಡಿದಾಗ 600 ರೂಪಾಯಿ ಖರ್ಚು ಮಾಡಿ ಪ್ಲಾಸ್ಟಿಕ್ ಗಿಡ, ಥರ್ಮಾಕೋಲ್, ಹತ್ತಿ ತಂದಿದ್ದೆ. ಗಿಡದ ಮೇಲೆ ಹತ್ತಿ ಅಂಟಿಸುತ್ತಿದ್ದಾಗ ಎರಡನೇ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಟೀಚರ್, ಹತ್ತಿ ಈ ಗಿಡಕ್ಕ ಬರಂಗಿಲ್ರಿ" ಅಂದ. ಅವರದು ಹತ್ತಿ ಹೊಲ. ಅವನು ಹೇಳಿದ್ದು ಸರಿಯೇ ಇತ್ತು. ಹಿಮ ಅಂದರೆ ಏನು ಅಂತ ಹೇಳುವುದರಲ್ಲೇ ನನ್ನ ಅರ್ಧ ದಿನ ಹೋಯಿತು. ಥರ್ಮಾಕೋಲ್ ಪುಡಿ ಗುಡಿಸುವುದರಲ್ಲಿ ಇನ್ನರ್ಧ.

ಮರುವರ್ಷ ಗಿಡ ಬಿಟ್ಟೆ. ನಕ್ಷತ್ರ ಒಂದನ್ನೇ ಹಿಡಿದೆ. ನಮ್ಮ ಕಡೆ ಡಿಸೆಂಬರ್ ಅಂದರೆ ತೊಗರಿ ಕೊಯ್ಲು ಅಲ್ವಾ? ಕಟ್ಟಿಗೆಗೆ ಬರವಿಲ್ಲ. ಆದರೆ ಹಸಿ ಕಟ್ಟಿಗೆ ತರಿಸಬೇಡಿ, ಒಣಗುವಾಗ ಸೊಟ್ಟಗಾಗುತ್ತದೆ. ಹೋದ ವರ್ಷದ್ದು ಒಲೆಗೆ ಅಂತ ಎಲ್ಲರ ಹಿತ್ತಿಲಲ್ಲೂ ಪೇರಿಸಿಟ್ಟಿರುತ್ತಾರೆ, ಅದು ಒಳ್ಳೆಯದು. ಮಷಿನ್ ಹಾಕಿ ರಾಶಿ ಮಾಡಿದ ಮನೆಗಳಲ್ಲಿ ಸಿಗುವುದಿಲ್ಲ, ಪುಡಿಯಾಗಿರುತ್ತದೆ. ಕೈಯಲ್ಲಿ ಕೊಯ್ಯುವ ಮನೆಯ ಮಕ್ಕಳಿಗೆ ಹೇಳಿ. ಇನ್ನೊಂದು, "ಯಾರ ಹೊಲಕ್ಕೂ ಹೋಗಿ ಮುರಿಯಬೇಡಿ" ಅಂತ ಮುಂಚೆಯೇ ಗಟ್ಟಿಯಾಗಿ ಹೇಳಿ. ನಾನು ಹೇಳಲು ಮರೆತೆ. ನಿಂತ ಬೆಳೆಯನ್ನೇ ಕಿತ್ತುಕೊಂಡು ಬಂದರು. ಆ ರೈತರು ಶಾಲೆಯ ಬಾಗಿಲಿಗೆ ಬಂದು ನಿಂತಿದ್ದು ನನಗೆ ಇನ್ನೂ ನೆನಪಿದೆ.

ಒಂದು ನಕ್ಷತ್ರಕ್ಕೆ ಒಂದೇ ಉದ್ದದ ಐದು ಕಟ್ಟಿಗೆ ಬೇಕು. ಪೆನ್ಸಿಲ್ ಎತ್ತದೆ ಐದು ಮೂಲೆಯ ಚುಕ್ಕಿ, ಅಂದರೆ ನಕ್ಷತ್ರ, ಬರೆಯುತ್ತೇವಲ್ಲ, ಹಾಗೆಯೇ ನೆಲದ ಮೇಲೆ ಒಂದರ ಮೇಲೊಂದು ಇಡಿ. ಮೊದಲು ತುದಿಗಳನ್ನು ಕಟ್ಟಿ, ಆಮೇಲೆ ನಡುವೆ ಒಂದನ್ನೊಂದು ದಾಟುವ ಕಡೆ ಕಟ್ಟಿ. ಐದು ತುದಿ, ಐದು ದಾಟು, ಒಟ್ಟು 10 ಗಂಟು. ನಡುವಿನ ಗಂಟು ಬಿಟ್ಟರೆ ಗಾಳಿಗೆ ಮಡಚಿಕೊಳ್ಳುತ್ತದೆ. ಹಿಂದುಗಡೆಯಿಂದ ಪತಂಗದ (ಗಾಳಿಪಟದ) ಹಾಳೆ ಅಂಟಿಸಿದರೆ ಬೆಳಕು ಹಾದು ಚಂದ ಕಾಣುತ್ತದೆ. ಮೈದಾ ಅಂಟು ಸಾಕು. ಅಂಟಿಗೆ ಒಂದು ಚಿಟಿಕೆ ಅರಿಶಿನ ಹಾಕಿ, ಇರುವೆ ಕಡಿಮೆ.

ಪಾಠ ಎಲ್ಲಿದೆ ಅಂತ ಹೆಡ್ ಮಾಸ್ತರು ಕೇಳಿದರೆ ಇಲ್ಲಿದೆ. ಕಟ್ಟಿಗೆಯನ್ನು ಸ್ಕೇಲ್‌ನಿಂದ ಅಳೆಯಲು ಹೇಳಬೇಡಿ. "ಮೂರು ಗೇಣು" ಅಂತ ಹೇಳಿ. ಪ್ರತಿ ಮಗು ತನ್ನ ಗೇಣಿನಲ್ಲಿ ಅಳೆದು ಮುರಿಯಲಿ. ಐದು ಮಕ್ಕಳು ತಂದ ಐದು ಕಟ್ಟಿಗೆ ಜೋಡಿಸಿದರೆ ನಕ್ಷತ್ರ ಕೂಡುವುದೇ ಇಲ್ಲ! ಯಾಕೆ ಕೂಡಲಿಲ್ಲ ಅಂತ ಅವರೇ ಜಗಳವಾಡಿ ಕಂಡುಹಿಡಿಯುತ್ತಾರೆ. ಆಮೇಲೆ ಸ್ಕೇಲ್ ಕೊಡಿ. ಸೆಂಟಿಮೀಟರ್ ಯಾಕೆ ಬೇಕು ಅಂತ ನಾನು ಮೂರು ವರ್ಷ ಬಾಯಲ್ಲಿ ಹೇಳಿದ್ದಕ್ಕಿಂತ ಅವತ್ತು ಜಾಸ್ತಿ ತಿಳಿಯಿತು. ಅಳತೆಗೆ ಅಂತ ಕಟ್ಟಿಗೆ ಸ್ವಲ್ಪ ಹೆಚ್ಚೇ ತರಿಸಿಕೊಳ್ಳಿ, ಮೊದಲ ಸುತ್ತಿನದು ಹಾಳಾಗುತ್ತದೆ.

ಮೂರನೇ ತರಗತಿಗೆ ಒಂದು ಒಗಟು: ಈ ನಕ್ಷತ್ರದಲ್ಲಿ ಎಷ್ಟು ತ್ರಿಕೋನ ಇವೆ? ಎಲ್ಲರೂ ಐದು ಅನ್ನುತ್ತಾರೆ. ಹತ್ತು ಇವೆ. ಐದು ಚಿಕ್ಕವು, ಅವನ್ನು ನುಂಗಿಕೊಂಡ ಐದು ದೊಡ್ಡವು. ನೀವೇ ಮೊದಲು ಎಣಿಸಿ ನೋಡಿ, ನನಗೂ ಮೊದಲ ಸಲ ಏಳೇ ಸಿಕ್ಕಿದ್ದವು.

ನೇತು ಹಾಕಲು ಹೊಸ ಜಾಗ ಹುಡುಕಬೇಡಿ. ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ದಾರ ಕಟ್ಟಿದ ನಲಿಕಲಿ ಚಪ್ಪರ ಇದ್ದೇ ಇದೆ.

ಶಾಲಾ ಶಿಕ್ಷಕ, ಬೀದರ್

ಚಿತ್ತಾಪುರದ ಟೀಚರ್ ಹೇಳಿದ್ದು ಸರಿ. ನಮ್ಮ ಊರಲ್ಲಿ ನಾನು ಬೇರೆ ದಾರಿ ಹಿಡಿದೆ, ಯಾಕೆಂದರೆ ನನ್ನ ತರಗತಿಯಲ್ಲಿ ಬಿದರಿ ಕೆಲಸದ ಮನೆಯ ಮಕ್ಕಳಿದ್ದರು.

ಕಪ್ಪು ಹಾಳೆ, ಚಾಕಲೇಟಿನ ಬೆಳ್ಳಿ ಕಾಗದ. ಅಷ್ಟೇ. ಬಿದರಿಯಲ್ಲಿ ಕಪ್ಪು ತಳದ ಮೇಲೆ ಬೆಳ್ಳಿ ಕೂರಿಸಿದ ಹಾಗೆ, ಕಪ್ಪು ನಕ್ಷತ್ರದ ಮೇಲೆ ಬೆಳ್ಳಿ ಕಾಗದದ ಚೂರು ಅಂಟಿಸಿ ಹೂವು, ಬಳ್ಳಿ, ಗೆರೆ ಮಾಡಿಸುವುದು. ನಕ್ಷತ್ರವನ್ನು ಚೌಕದ ಹಾಳೆಯಿಂದ ಮೂರು ಸಲ ಮಡಚಿ, ತೆರೆದ ಅಂಚಿನ ನಡುವೆ V ಆಕಾರಕ್ಕೆ ಕತ್ತರಿಸಿದರೆ ಎಂಟು ಮೂಲೆ ಬರುತ್ತದೆ. ಎಂಟೂ ಕಡೆ ಒಂದೇ ಥರ ಅಂಟಿಸಬೇಕು ಅನ್ನುವುದು ನಿಯಮ. ಸಮಮಿತಿ ಅನ್ನುವ ಪದ ಹೇಳುವ ಮುಂಚೆಯೇ ಸಮಮಿತಿ ಮಾಡಿ ಮುಗಿಸಿರುತ್ತಾರೆ.

ಒಬ್ಬ ಹುಡುಗಿಯ ಅಪ್ಪ ಬಿದರಿ ಕುಶಲಕರ್ಮಿ. ಅವರನ್ನು ಅರ್ಧ ಗಂಟೆ ಕರೆದೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ತಳ ಎರಕ ಹೊಯ್ಯುತ್ತಾರೆ, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ತಳ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅವರು ಒಂದು ಚಿಕ್ಕ ಡಬ್ಬಿ ತಂದು ಮಕ್ಕಳ ಕೈಗೆ ಕೊಟ್ಟರು. "ಕೋಟೆ ಮಣ್ಣು ನಮ್ಮ ಮನೆ ಮುಂದನೂ ಐತಿ, ಅದರಿಂದ ಆಗತೈತೇನ್ರಿ?" ಅಂತ ಒಬ್ಬ ಕೇಳಿದ. ಅವರು ನಕ್ಕು, ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತೇವೆ ಅಂದರು. ಆಮೇಲೆ ಒಂದು ವಾರ ಮಕ್ಕಳು ಮಣ್ಣು ನೆಕ್ಕುವುದನ್ನು ನಿಲ್ಲಿಸುವುದೇ ನನ್ನ ಕೆಲಸವಾಯಿತು. ಇದು ಎಚ್ಚರಿಕೆ!

ಗ್ಲಿಟರ್ ಪುಡಿ ತರಬೇಡಿ. ನಮ್ಮಲ್ಲಿ ಒಂದು ಮಗುವಿನ ಕಣ್ಣಿಗೆ ಹೋಗಿ ಮಧ್ಯಾಹ್ನವೆಲ್ಲ ನೀರು ಹಾಕಿ ತೊಳೆದೆವು. ಬೆಳ್ಳಿ ಕಾಗದಕ್ಕೆ ನವೆಂಬರ್‌ನಿಂದಲೇ ಒಂದು ಡಬ್ಬಿ ಇಟ್ಟರೆ ಬೇಕಾದಷ್ಟು ಕೂಡುತ್ತದೆ. ಈಗ ತಡವಾಗಿದ್ದರೆ ಊರಿನ ಕಿರಾಣಿ ಅಂಗಡಿಯಲ್ಲಿ ಕೇಳಿ.

ಶಿಕ್ಷಕಿ, ಆಳಂದ ತಾಲ್ಲೂಕು

ಒಂದೇ ಮಾತು. ಕ್ಯಾಲೆಂಡರ್ ನೋಡಿಕೊಂಡಿರಾ? 2025ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 19, ಶುಕ್ರವಾರ. ಹಳ್ಳಿ ಶಾಲೆ ಅಂದ ಮೇಲೆ ಅವತ್ತು ನಿಮ್ಮ 26ರಲ್ಲಿ ಆರು ಮಕ್ಕಳು ಬಂದರೆ ಪುಣ್ಯ. ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಲು, ಹೋಗಿರುತ್ತಾರೆ. ಮರುದಿನ 20, ತಿಂಗಳ ಮೂರನೇ ಶನಿವಾರ, ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ. ದೊಡ್ಡ ಚಟುವಟಿಕೆ ಅವತ್ತಿಗೆ ಇಟ್ಟುಕೊಳ್ಳಿ. ಮಕ್ಕಳು ಹಿಂದಿನ ದಿನದ ಭಜ್ಜಿ, ಸಜ್ಜೆ ರೊಟ್ಟಿ ಡಬ್ಬಿಯಲ್ಲಿ ತರುತ್ತಾರೆ. ನಿಮಗೂ ಕೊಡುತ್ತಾರೆ.

ಕೇಳಿದವರು

ಅಯ್ಯೋ, ಅಮಾವಾಸ್ಯೆ ನೋಡಿಯೇ ಇರಲಿಲ್ಲ! ಶುಕ್ರವಾರಕ್ಕೇ ಎಲ್ಲ ಇಟ್ಟಿದ್ದೆ. ಬದಲಿಸುತ್ತೇನೆ.

ಇನ್ನೆರಡು ಪ್ರಶ್ನೆ. ಒಂದು, ಆ ಮೂರು ಮಕ್ಕಳನ್ನು ಮುಂದೆ ಕರೆದು "ನಿಮ್ಮ ಹಬ್ಬದ ಬಗ್ಗೆ ಹೇಳಿ" ಅಂತ ಮಾತನಾಡಿಸಿದರೆ ಚೆನ್ನಾಗಿರುತ್ತದಾ? ಎರಡು, ಒಬ್ಬ ತಂದೆ ಗೇಟಿನ ಹತ್ತಿರ "ಶಾಲೆಯಲ್ಲಿ ಇದೆಲ್ಲ ಯಾಕೆ?" ಅಂತ ಕೇಳಿದರು. ಜಗಳದ ದನಿ ಇರಲಿಲ್ಲ, ಸುಮ್ನೆ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಶಿಕ್ಷಕಿ, ಯಾದಗಿರಿ ಜಿಲ್ಲೆ

ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳಲೇಬೇಕು. ನಮ್ಮ ತರಗತಿಯಲ್ಲಿ ಆ ಒಂದೇ ಮಗು ನಾನಾಗಿದ್ದೆ.

ಮೂರನೇ ತರಗತಿ. ಗುರುಗಳು ಒಳ್ಳೆಯವರು, ಪ್ರೀತಿಯಿಂದಲೇ ಕರೆದರು. "ನಿಮ್ಮ ಹಬ್ಬದ ಹಾಡು ಹೇಳವ್ವಾ" ಅಂದರು. ಚರ್ಚಿನಲ್ಲಿ ಜೋರಾಗಿ ಹಾಡುತ್ತಿದ್ದವಳಿಗೆ ಅಲ್ಲಿ ಒಂದು ಸಾಲೂ ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ನಾನು ಕುಂಟೆಬಿಲ್ಲೆಯಲ್ಲಿ ಗೆಲ್ಲುವ ಹುಡುಗಿಯಾಗಿದ್ದೆ. ಅವತ್ತಿನಿಂದ ಒಂದಷ್ಟು ದಿನ "ಬಡಾ ದಿನ್ ಹುಡುಗಿ", ಅಂದರೆ ಕ್ರಿಸ್‌ಮಸ್ ಹುಡುಗಿ, ಆದೆ. ಯಾರೂ ಕೆಟ್ಟದಾಗಿ ಅನ್ನಲಿಲ್ಲ. ಆದರೂ.

ಆದ್ದರಿಂದ ಮುಂದೆ ನಿಲ್ಲಿಸಬೇಡಿ. ಅವರಾಗಿಯೇ ಹೇಳಿದರೆ ಕೇಳಿ. ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಕೊಡಿ: "ನಿಮ್ಮ ಮನೆಯ ದೊಡ್ಡ ಹಬ್ಬಕ್ಕೆ ಏನು ತಿಂಡಿ ಮಾಡುತ್ತಾರೆ?" ಬೋರ್ಡಿನ ಮೇಲೆ ತಿಂಡಿಯ ಚಿತ್ರ ಬರೆದು, ಅದರ ಮುಂದೆ ಒಂದೊಂದು ಗೆರೆ ಎಳೆಸಿ, ಐದಾದರೆ ಕಟ್ಟು ಹಾಕಿಸಿ. ನಾನು ಮಾಡಿದಾಗ ಕರ್ಚಿಕಾಯಿಗೆ ಎಲ್ಲಕ್ಕಿಂತ ಹೆಚ್ಚು ಗೆರೆ ಬಂತು. ದೀಪಾವಳಿಗೆ ಮಾಡುವವರು, ಜಾತ್ರೆಗೆ ಮಾಡುವವರು, ಕ್ರಿಸ್‌ಮಸ್‌ಗೆ ಮಾಡುವವರು, ಎಲ್ಲರೂ ಅದನ್ನೇ ಹೇಳಿದರು. ಕ್ರಿಸ್‌ಮಸ್ ಮನೆಯ ಹುಡುಗ ತನ್ನ ಸರದಿಯಲ್ಲಿ ಆರಾಮಾಗಿ ಎದ್ದು "ನಮ್ಮನ್ಯಾಗೂ ಕರ್ಚಿಕಾಯಿನೇ, ಆದ್ರ ಕೊಬ್ರಿ ಜಾಸ್ತಿ ಹಾಕ್ತಾರ" ಅಂತ ಹೇಳಿ ಕುಳಿತ. ಅವನಿಗೆ ಅಷ್ಟೇ ಬೇಕಿತ್ತು, ನನಗೂ.

ನಮ್ಮ ಕಡೆಯ ಕ್ರಿಸ್‌ಮಸ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಮಕ್ಕಳು ಅಕಸ್ಮಾತ್ ಮಾತನಾಡಿದರೆ ನಿಮಗೆ ತಿಳಿಯುತ್ತದೆ. ಮನೆಗೆ ಸುಣ್ಣ ಬಳಿಯುತ್ತಾರೆ. ಬಾಗಿಲಿಗೆ, ಇಲ್ಲವೆ ಮಾಳಿಗೆಯ ಮೇಲೆ ಕೋಲು ಕಟ್ಟಿ ನಕ್ಷತ್ರ ಹಾಕಿ ಒಳಗೆ ಬಲ್ಬ್ ಇಡುತ್ತಾರೆ. ಹಬ್ಬದ ಮುಂಚಿನ ರಾತ್ರಿಗಳಲ್ಲಿ ಹಾಡುವವರ ಗುಂಪು ಡೋಲಕ್, ತಾಳ ಹಿಡಿದು ಮನೆ ಮನೆಗೆ ಬರುತ್ತದೆ. ಹಾಡುಗಳು ಕನ್ನಡದವೇ, ಧಾಟಿ ಕೇಳಿದರೆ ಭಜನೆ ಅನ್ನಿಸುತ್ತದೆ. ನಾವು ನಿದ್ದೆಗಣ್ಣಲ್ಲಿ ಎದ್ದು ಚಹಾ ಕೊಡುತ್ತಿದ್ದೆವು. ಹೊಸ ಬಟ್ಟೆ, ಬೆಳಗಿನ ಆರಾಧನೆ, ಆಮೇಲೆ ತಟ್ಟೆಯಲ್ಲಿ ತಿಂಡಿ ಮುಚ್ಚಿಕೊಂಡು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರುವುದು. ಖಾಲಿ ತಟ್ಟೆ ವಾಪಸ್ ಬರುವುದಿಲ್ಲ, ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಸಾಂತಾ ಕ್ಲಾಸ್? ನಮ್ಮ ಮನೆಗೆ ಒಂದು ದಿನವೂ ಬಂದಿಲ್ಲ. ನಾನು ಅವನನ್ನು ಮೊದಲು ನೋಡಿದ್ದು ಬೇಕರಿಯ ಗಾಜಿನ ಮೇಲೆ.

ಸಾಂತಾ ವೇಷದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಒಂದು ವರ್ಷ ಹತ್ತಿ ಗಡ್ಡ ಕಟ್ಟಿಕೊಂಡು ಒಬ್ಬ ಸರ್ ಏಕಾಏಕಿ ಬಾಗಿಲಲ್ಲಿ ನಿಂತರು. ಒಂದನೇ ತರಗತಿಯ ನಾಲ್ಕು ಮಕ್ಕಳು ಕಿರುಚಿ ಅತ್ತರು, ಒಬ್ಬಳು ಎರಡು ದಿನ ಶಾಲೆಗೇ ಬರಲಿಲ್ಲ. ವೇಷ ಬೇಕೇ ಬೇಕು ಅಂದರೆ ಮಕ್ಕಳ ಮುಂದೆಯೇ ಗಡ್ಡ ಕಟ್ಟಿಕೊಳ್ಳಿ. ಬೇಡ ಅಂದರೆ ಇನ್ನೂ ಒಳ್ಳೆಯದು. ಆ ಕೆಂಪು ಅಂಗಿಯ ಹಿಂದಿನ ಮನುಷ್ಯನ ಕಥೆ ಹೇಳಿ ಸಾಕು. ಈಗಿನ ಟರ್ಕಿಯಲ್ಲಿದ್ದ ಮೈರಾ ಅನ್ನುವ ಊರಿನಲ್ಲಿ ನಾಲ್ಕನೇ ಶತಮಾನದಲ್ಲಿ ನಿಕೋಲಾಸ್ ಅನ್ನುವ ಬಿಷಪ್ ಇದ್ದರು. ಬಡವರಿಗೆ ಗುಟ್ಟಾಗಿ ಸಹಾಯ ಮಾಡುತ್ತಿದ್ದರು ಅನ್ನುವುದು ಅವರ ಕಥೆ. ನಾನು ಇದನ್ನೇ ಆಟ ಮಾಡಿದೆ. ಚೀಟಿಯಲ್ಲಿ ಒಬ್ಬ ಗೆಳೆಯನ ಹೆಸರು ಬರುತ್ತದೆ, ಆ ವಾರ ಅವನಿಗೆ ಗೊತ್ತಾಗದ ಹಾಗೆ ಒಂದು ಒಳ್ಳೆಯ ಕೆಲಸ ಮಾಡಬೇಕು. ಕೊಡುವುದಕ್ಕೆ ವಸ್ತು ಬೇಡ, ದುಡ್ಡಂತೂ ಬೇಡವೇ ಬೇಡ. ಪೆನ್ಸಿಲ್ ಚೂಪು ಮಾಡಿಡುವುದು, ನೀರಿನ ಬಾಟಲಿ ತುಂಬಿಸುವುದು. ಗುಟ್ಟು ಎರಡು ದಿನ ಕೂಡ ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ನಿವೃತ್ತ ಮುಖ್ಯ ಗುರು, ಕಲಬುರಗಿ

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಅಂಥ ಮಾತು 30 ವರ್ಷ ಕೇಳಿದ್ದೇನೆ.

ಆ ತಂದೆ ಕೇಳಿದ್ದರಲ್ಲಿ ತಪ್ಪಿಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಮಾಡುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಅದು ನಿಮಗೂ ಒಳ್ಳೆಯದೇ, ಗೆರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಪ್ರಾರ್ಥನೆ ಮಾಡಿಸಬೇಡಿ, ಪೂಜೆಯನ್ನೂ ಅಷ್ಟೇ. ಹಬ್ಬದ ಬಗ್ಗೆ ತಿಳಿಸುವುದು, ಅದರ ನೆಪದಲ್ಲಿ ಅಳೆಯುವುದು, ಎಣಿಸುವುದು, ಬರೆಯುವುದು ಪಾಠ. ಅವರನ್ನು ಕರೆದು ನಕ್ಷತ್ರ ಕಟ್ಟುವುದನ್ನು ನೋಡಲು ಹೇಳಿ. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮುಂಚೆಯೇ ಒಂದು ಮಾತು ಹಾಕಿ. ಮುಖ್ಯವಾಗಿ, ಸಂಕ್ರಾಂತಿಗೆ, ರಂಜಾನ್‌ಗೆ, ಯುಗಾದಿಗೆ ಕೂಡ ಇದೇ ಥರ ಒಂದು ವಾರ ಮಾಡುತ್ತೇನೆ ಅಂತ ಹೇಳಿ. ಹೇಳಿದ ಮೇಲೆ ಮಾಡಿ. ಮಾಡದಿದ್ದರೆ ಅವರ ಪ್ರಶ್ನೆಗೆ ಬೆಲೆ ಬರುತ್ತದೆ.

ಈಗ ನನ್ನ ಪಾಲಿನ ಚಟುವಟಿಕೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕ್ರಿಸ್‌ಮಸ್ ಬರುವುದು ವರ್ಷದಲ್ಲಿ ಹಗಲು ಎಲ್ಲಕ್ಕಿಂತ ಚಿಕ್ಕದಾಗಿರುವ ದಿನಗಳಲ್ಲಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಮ್ಮ ಕಲಬುರಗಿಯಲ್ಲಿ ಹಗಲು ಸುಮಾರು 11 ಗಂಟೆ 5 ನಿಮಿಷ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ನಡುಮಧ್ಯಾಹ್ನದ ನೆರಳು ಕಲಬುರಗಿಯಲ್ಲಿ ಸುಮಾರು 86 ಸೆಂಟಿಮೀಟರ್ ಬರುತ್ತದೆ. ಬೀದರ್‌ನಲ್ಲಿ ಇನ್ನೆರಡು ಸೆಂಟಿಮೀಟರ್ ಜಾಸ್ತಿ, ಯಾದಗಿರಿಯಲ್ಲಿ ಸ್ವಲ್ಪ ಕಡಿಮೆ. ಗಡಿಯಾರದ 12ಕ್ಕೆ ಅಳೆಯಬೇಡಿ. ನಮ್ಮ ಸೂರ್ಯ ನೆತ್ತಿಯ ಗೆರೆಗೆ ಬರುವುದು 12 ಗಂಟೆ 20 ನಿಮಿಷದ ಹೊತ್ತಿಗೆ, ಯಾಕೆಂದರೆ ಭಾರತದ ಗಡಿಯಾರ ನಮಗಿಂತ ಪೂರ್ವದ ಗೆರೆಗೆ ಹೊಂದಿಸಿದ್ದು. ಊಟದ ಗಂಟೆಗೆ ಮುಂಚೆ ಎಲ್ಲರನ್ನೂ ಹೊರಗೆ ಕರೆದರೆ ಆಯಿತು. 2025ರಲ್ಲಿ 21 ಭಾನುವಾರ ಬಂದಿದೆ. ಸೋಮವಾರ ಅಳೆಯಿರಿ, ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ನೆರಳಿನ ತುದಿಗೆ ಕಲ್ಲು ಇಡಿಸಿ ತಾರೀಖು ಬರೆಸಿ. ಅದನ್ನು ಅಲ್ಲೇ ಬಿಡಿ. ಜನವರಿ ಕೊನೆಯಲ್ಲಿ ಮತ್ತೆ ಅಳೆದರೆ 70ರ ಹತ್ತಿರ ಬಂದಿರುತ್ತದೆ. ಕಲ್ಲಿಗೂ ನೆರಳಿಗೂ ನಡುವೆ ಜಾಗ ಬಿದ್ದಿದ್ದನ್ನು ನೋಡಿ ಮಕ್ಕಳು "ಕಲ್ಲು ಯಾರೋ ಸರಿಸ್ಯಾರ್ರಿ" ಅನ್ನುತ್ತಾರೆ. ಅಲ್ಲಿಂದ ಪಾಠ ಶುರು. ಮೇ ತಿಂಗಳಲ್ಲಿ ಒಂದು ದಿನ ನೆರಳೇ ಬೀಳುವುದಿಲ್ಲ, ಆದರೆ ಆಗ ಬೇಸಿಗೆ ರಜೆ. ಈ ಬೇಸರ ನನಗೆ ನಿವೃತ್ತಿಯಾದ ಮೇಲೂ ಇದೆ.

ಕಥೆಯ ಬಗ್ಗೆ ಒಂದು ಮಾತು. ಕೂಸು ಯೇಸುವನ್ನು ನೋಡಲು ಕಾಣಿಕೆ ಹಿಡಿದು ಬಂದವರು ಮೂವರು ಜ್ಞಾನಿಗಳು ಅಂತ ನಾವೆಲ್ಲ ಹೇಳುತ್ತೇವೆ. ಬೈಬಲ್‌ನಲ್ಲಿ ಮೂವರು ಅಂತ ಬರೆದಿಲ್ಲ. ಕಾಣಿಕೆ ಮೂರು: ಚಿನ್ನ, ಧೂಪ, ರಕ್ತಬೋಳ. ಮೂರನೇ ತರಗತಿಗೆ ಈ ಮೂರನ್ನೂ ಕೊಟ್ಟು "ಇವುಗಳಲ್ಲಿ ಯಾವುದು ಗಿಡದಿಂದ ಬಂದದ್ದು?" ಅಂತ ಕೇಳಿ. ಧೂಪ, ರಕ್ತಬೋಳ ಎರಡೂ ಮರದ ಅಂಟು. ನಮ್ಮ ವೀರಭದ್ರನ ಗುಗ್ಗುಳ ಇದೆಯಲ್ಲ, ಆ ಗುಗ್ಗುಳದ ಗಿಡ ಮತ್ತು ರಕ್ತಬೋಳದ ಗಿಡ ಒಂದೇ ಕುಲದವು. ಬೇವಿನ ಮರದಲ್ಲಿ, ಜಾಲಿಯಲ್ಲಿ ಅಂಟು ಬಂದಿದ್ದನ್ನು ಮಕ್ಕಳು ಕಿತ್ತು ಆಟವಾಡಿರುತ್ತಾರೆ. ಅದನ್ನೇ ತರಿಸಿ ತೋರಿಸಿ. ಗುಡಿಯ ಧೂಪ, ದರ್ಗಾದ ಲೋಬಾನ, ಚರ್ಚಿನ ಧೂಪ, ಯಾವುದರ ವಾಸನೆ ಯಾರಿಗೆ ಗೊತ್ತು ಅಂತ ಕೇಳಿದರೆ ಕೈಗಳು ಹೇಗೆ ಮೇಲೇಳುತ್ತವೆ ನೋಡಿ. ಆದರೆ ಕೋಣೆಯಲ್ಲಿ ಏನನ್ನೂ ಉರಿಸಬೇಡಿ. ಮೇಣದ ಬತ್ತಿಯೂ ಬೇಡ. ಚಪ್ಪರದ ತುಂಬ ಕಾಗದ ನೇತಾಡುತ್ತಿರುತ್ತದೆ.

ಶಿಕ್ಷಕ, ಗುರುಮಠಕಲ್ ಕಡೆ

ನಮ್ಮದು ತೆಲಂಗಾಣದ ಗಡಿ. ತರಗತಿಯಲ್ಲಿ ನಾಲ್ಕು ಭಾಷೆ. ನಾನು "ಚುಕ್ಕಿ" ಅಂತ ಬೋರ್ಡಿನ ಮೇಲೆ ಬರೆದು, ಮನೆಯಲ್ಲಿ ಏನು ಅನ್ನುತ್ತೀರಿ ಅಂತ ಕೇಳಿದೆ. ಚುಕ್ಕ, ತಾರಾ, ಸಿತಾರಾ ಎಲ್ಲ ಬಂದವು. ಒಂದೊಂದು ಪದವನ್ನು ನಕ್ಷತ್ರದ ಒಂದೊಂದು ಮೂಲೆಯಲ್ಲಿ ಬರೆಸಿದೆ. ಐದನೇ ಮೂಲೆಗೆ ಪದ ಸಿಗದೆ ಮಕ್ಕಳು ಅಡುಗೆಯಮ್ಮನನ್ನು ಕೇಳಲು ಓಡಿದರು. ಅವರು ಮರಾಠಿ ಕಡೆಯವರು. "ಚಾಂದಣಿ" ಸಿಕ್ಕಿತು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಶಿಕ್ಷಕಿ, ಔರಾದ್ ತಾಲ್ಲೂಕು

ಗ್ರೀಟಿಂಗ್ ಕಾರ್ಡ್ ಮಾಡಿಸುತ್ತೀರಾ? ಮಾಡಿಸುವುದಾದರೆ ಮಡಚಿದ ಡ್ರಾಯಿಂಗ್ ಹಾಳೆ ಬೇಡ, ಅಂಚೆ ಕಾರ್ಡ್ ತನ್ನಿ. 50 ಪೈಸೆಗೆ ಒಂದು. 26 ಮಕ್ಕಳಿಗೆ 13 ರೂಪಾಯಿ. ನಮ್ಮ ತಾಂಡಾದ (ಲಂಬಾಣಿಗರ ಊರು) ಬಹಳ ಮಕ್ಕಳ ಅಪ್ಪ ಅಮ್ಮ ದುಡಿಯಲು ಮುಂಬೈ, ಪುಣೆ, ಹೈದರಾಬಾದ್ ಕಡೆ ಹೋಗಿರುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಒಂದು ಕಡೆ ನಕ್ಷತ್ರದ ಚಿತ್ರ, ಇನ್ನೊಂದು ಕಡೆ ಎರಡು ಸಾಲು. ಒಂದನೇ ತರಗತಿಯವರು ತಮ್ಮ ಹೆಸರು ಬರೆದರೆ ಸಾಕು.

ವಿಳಾಸವೇ ದೊಡ್ಡ ಪಾಠ. ಕೆಲಸದ ಜಾಗಕ್ಕೆ ಸರಿಯಾದ ವಿಳಾಸ ಇರುವುದಿಲ್ಲ. ಅಜ್ಜಿಯನ್ನು, ಅಂಗಡಿಯವರನ್ನು ಕೇಳಿ ತರಬೇಕು. ಸಿಗದವರು ತಮ್ಮ ಮನೆಗೇ ಬರೆಯಲಿ, ಅದೂ ಖುಷಿಯೇ. ಪಿನ್ ಕೋಡ್ ಆರು ಅಂಕಿ. ಬೀದರ್, ಕಲಬುರಗಿ, ಯಾದಗಿರಿ ಮೂರಕ್ಕೂ ಶುರುವಿನಲ್ಲಿ 585 ಇದೆ. ಕಳಿಸುವವರ ವಿಳಾಸದಲ್ಲಿ ಅದನ್ನು ಬರೆಸಿ, ಮುಂಬೈ ಕಾರ್ಡಿನಲ್ಲಿ ಯಾಕೆ ಬೇರೆ ಅಂಕಿ ಅಂತ ಕೇಳಿಸಿ. ಡಬ್ಬಕ್ಕೆ ಹಾಕುವ ಮುಂಚೆ ಎಲ್ಲ ಕಾರ್ಡನ್ನೂ ನೀವೊಮ್ಮೆ ಓದಿ. ಹಬ್ಬದ ಶುಭಾಶಯದ ಕೆಳಗೆ ಒಬ್ಬಳು "ಅಪ್ಪಾ, ಅಜ್ಜಿ ಕಾಲು ನೋವು, ರೊಕ್ಕ ಕಳಿಸು" ಅಂತ ಬರೆದಿದ್ದಳು. ಅಳಿಸಲಿಲ್ಲ. ಒತ್ತಕ್ಷರ ತಪ್ಪಿತ್ತು, ಅದನ್ನು ಮಾತ್ರ ತಿದ್ದಿಸಿದೆ.

ಶಿಕ್ಷಕಿ, ಹುಮನಾಬಾದ್

ಚಿಕ್ಕ ಚಿಕ್ಕವು ನನ್ನಿಂದ.

ಹಿಮ ಬೇಕೇ ಬೇಕು ಅಂದರೆ ಜೋಳದ ಅರಳು ಬಳಸಿ. ಬೆಳ್ಳಗೆ ಹಗುರ ಇರುತ್ತದೆ. ಅರ್ಧ ಮಕ್ಕಳ ಬಾಯಿಗೆ ಹೋಗುತ್ತದೆ, ಅದಕ್ಕೆ ತಯಾರಿರಿ. ಬಿಸಿಯೂಟದ ಮೊಟ್ಟೆ ಸಿಪ್ಪೆ ತೊಳೆದು ಒಣಗಿಸಿ ಪುಡಿ ಮಾಡಿ ಅಂಟಿಸುವುದೂ ಚೆನ್ನಾಗಿರುತ್ತದೆ. ಮೊಟ್ಟೆ ಮುಟ್ಟದ ಮನೆಯ ಮಕ್ಕಳಿದ್ದರೆ ಬಿಡಿ, ಒಂದು ಚಿತ್ರಕ್ಕೋಸ್ಕರ ಯಾಕೆ ತಕರಾರು. ಕಾಗದ ಕತ್ತರಿಸಿ ಹಿಮದ ಹರಳು ಮಾಡಿಸುವುದಾದರೆ ಆರು ಮೂಲೆ ಬರುವ ಹಾಗೆ ಮಡಚಿಸಿ. ಹಿಮದ ಹರಳಿಗೆ ಆರೇ ಮೂಲೆ. ಎಂಟು ಬಂದರೆ ಅದು ರಂಗೋಲಿ.

ಕ್ರಿಸ್‌ಮಸ್ ಚಿತ್ರಗಳಲ್ಲಿ ಕೆಂಪು ಹೂವಿನ ಗಿಡ ಇರುತ್ತದಲ್ಲ, ಪಾಯಿನ್‌ಸೆಟಿಯಾ, ಅದು ಮೆಕ್ಸಿಕೋ ಕಡೆಯದು. ಕೆಂಪಾಗಿ ಕಾಣುವುದು ಎಸಳಲ್ಲ, ಬಣ್ಣ ಬಂದ ಎಲೆ. ಗಿಡ ಕೊಂಡು ತರಬೇಡಿ, ದುಬಾರಿ. ಶಾಲೆಯ ಗೋಡೆ ಮೇಲೆ ಕಾಗದದ ಹೂವಿನ ಬಳ್ಳಿ ಇದ್ದೇ ಇರುತ್ತದೆ. ಅದರದ್ದೂ ಅದೇ ಕಥೆ. ಬಣ್ಣದ ಮೂರು ಎಲೆಗಳ ನಡುವೆ ಬೆಳ್ಳಗಿನ ಚಿಕ್ಕ ಕೊಳವೆ ಇದೆ ನೋಡಿ, ಅದು ನಿಜವಾದ ಹೂವು. ಬಿಡಿಸಿ ನೋಡಿದರೆ ಮಕ್ಕಳಿಗೆ ಆಶ್ಚರ್ಯ. ನನಗೂ 40 ವರ್ಷವಾದ ಮೇಲೆಯೇ ಗೊತ್ತಾಗಿದ್ದು.

ಕೇಕ್ ತರಿಸಬೇಡಿ. 300 ರೂಪಾಯಿಯೂ ಅದಕ್ಕೇ ಹೋಗುತ್ತದೆ, ಮೊಟ್ಟೆ ಇದೆಯೋ ಇಲ್ಲವೋ ಅಂತ ಸಂಜೆ ಫೋನ್ ಬರುತ್ತದೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡಿಸುವ ಆಸೆ ಇದ್ದರೆ ಜೋಳದ ಕಣಿಕೆ ಬಳಸಿ. ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡಿಗೆ ಅದೇ ಸಿಪ್ಪೆ ಚುಚ್ಚಿ ಬಂಡಿ, ಎತ್ತು, ಕನ್ನಡಕ ಮಾಡುವುದು ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ದನದ ಕೊಟ್ಟಿಗೆ ಮಾಡಿ ಅಂದರೆ ಸಾಕು. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಮೊದಲ ಗೋದಲಿ ಮಾಡಿದಾಗ ನಿಜವಾದ ಹುಲ್ಲು, ಎತ್ತು, ಕತ್ತೆಯನ್ನೇ ತಂದಿದ್ದರಂತೆ. ಈ ಮಾತು ಹೇಳಿದ್ದೇ ತಪ್ಪಾಯಿತು. ನಮ್ಮಲ್ಲಿ ಒಬ್ಬ ಮರುದಿನ ಕರು ಹಿಡಿದುಕೊಂಡು ಬಂದ. ದಂಟಿನ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಒಂದನೇ ತರಗತಿಗೆ ಸುಲಿದು ಕೊಡಿ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ನಾನು ಹೀಗೆ ಬರೆದುಕೊಂಡಿದ್ದೇನೆ. 15ರಿಂದ ಕಟ್ಟಿಗೆ, ಬೆಳ್ಳಿ ಕಾಗದ ಕೂಡಿಡುವುದು, ದಿನಕ್ಕೆ ಹತ್ತು ನಿಮಿಷ ಕಥೆ. 17ಕ್ಕೆ ಅಂಚೆ ಕಾರ್ಡ್, ಊರಿಗೆ ಮುಟ್ಟಲು ಸಮಯ ಬೇಕಲ್ಲ. 18ಕ್ಕೆ ತಿಂಡಿಯ ಗೆರೆ ಲೆಕ್ಕ. 19 ಬಿಟ್ಟೆ, ನನ್ನನ್ನೂ ಒಬ್ಬರು ಹೊಲಕ್ಕೆ ಕರೆದಿದ್ದಾರೆ. 20 ಶನಿವಾರ ಗೇಣಿನ ಜಗಳ, ನಕ್ಷತ್ರ ಕಟ್ಟುವುದು. 22ಕ್ಕೆ ನೆರಳು. 23, 24 ಉಳಿದದ್ದು ಮುಗಿಸುವುದು. ಸಾಂತಾ ಇಲ್ಲ, ಕೇಕ್ ಇಲ್ಲ, ಹತ್ತಿ ಇಲ್ಲ. ಪತಂಗದ ಹಾಳೆ, ದಾರ, ಮೈದಾ, ಕಾರ್ಡ್ ಸೇರಿ 120 ರೂಪಾಯಿಯ ಒಳಗೆ ಬರುತ್ತದೆ.

ಆ ತಂದೆ ಇವತ್ತು ಮತ್ತೆ ಸಿಕ್ಕರು. ಕಟ್ಟಿಗೆ ಬೇಕು ಅಂದೆ. "ಎಷ್ಟು ಬೇಕ್ರಿ?" ಅಂದರು. ಅದಕ್ಕೇ ಕೊನೆಯ ಪ್ರಶ್ನೆ: ಪ್ರತಿ ಮಗುವಿಗೆ ಒಂದೊಂದು ಅಂತ 26 ನಕ್ಷತ್ರ ಮಾಡಿಸಿಬಿಡಲೇ? ಮನೆಗೆ ತೆಗೆದುಕೊಂಡು ಹೋಗುತ್ತಾರೆ ಅಂತ.

ನಲಿಕಲಿ ಶಿಕ್ಷಕಿ, ಚಿತ್ತಾಪುರ ಕಡೆ

ಬೇಡ. ನಾಲ್ಕೈದು ಮಕ್ಕಳಿಗೆ ಒಂದರಂತೆ ಆರು ಸಾಕು, ಚೀಟಿ ಎತ್ತಿ ಕೊಟ್ಟುಬಿಡಿ. 26 ನಕ್ಷತ್ರ ಅಂದರೆ 260 ಗಂಟು. ಮೊದಲ ಹತ್ತು ಮಕ್ಕಳು ಹಾಕುತ್ತಾರೆ, ಉಳಿದ 250 ನೀವು.